ನೀರಿಗಾಗಿ ಕಟ್ಟಿದ ದೋಣಿ ರಸ್ತೆಯ ಮೇಲೆ

1922ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ ಹದಿಹರೆಯದ ಯುವಕ ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು, ಮೋಟಾರು ದೋಣಿಗೆ ಕಟ್ಟಿದ ಹಗ್ಗ ಹಿಡಿದು ನೀರಿನ ಮೇಲೆ ಜಾರಿದ. ವಾಟರ್ ಸ್ಕೀಯಿಂಗ್ ಆಟ ಹುಟ್ಟಿದ್ದು ಹಾಗೆ. ಈ ಆಟಕ್ಕೆಂದೇ ಈಗ ತಯಾರಾಗುವ ದೋಣಿ ಸುಮಾರು 6 ಮೀಟರ್ ಉದ್ದ, 1400 ಕಿಲೋಗ್ರಾಮ್ ಆಸುಪಾಸಿನ ತೂಕದ್ದು. ಎಂಜಿನ್ ದೋಣಿಯ ನಡುಭಾಗದಲ್ಲೇ ಇರುತ್ತದೆ. ಇಂಥ ದೋಣಿಗಳ ಹೆಸರಾಂತ ಕಾರ್ಖಾನೆಗಳು ಟೆನೆಸೀ ರಾಜ್ಯದಲ್ಲಿವೆ. ಆಡುವವರಾದರೋ ದೇಶದ ಉದ್ದಗಲಕ್ಕೂ ಇದ್ದಾರೆ. ಹಾಗಾಗಿ ದೋಣಿಯನ್ನು ಟ್ರೇಲರ್ ಮೇಲಿಟ್ಟು ಕಾರಿನ ಹಿಂದೆ ಸಾವಿರಾರು ಕಿಲೋಮೀಟರ್ ಎಳೆದೊಯ್ಯುವುದು ಅಲ್ಲಿ ಸಾಮಾನ್ಯ.

ಮಾರ್ಚ್ ತಿಂಗಳಲ್ಲಿ ಒಬ್ಬರು ಟೆನೆಸೀಯ ನಾಕ್ಸ್‌ವಿಲ್‌ನಿಂದ ಅರಿಜೋನಾದ ಹವಾಸು ಸರೋವರಕ್ಕೆ ಇಂಥ ದೋಣಿಯನ್ನು ಒಯ್ಯುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ದಾರಿಯ ಬಹುಭಾಗ 40ನೆಯ ಅಂತರರಾಜ್ಯ ಹೆದ್ದಾರಿ. ದೂರ ಹತ್ತಿರ ಹತ್ತಿರ 3000 ಕಿಲೋಮೀಟರ್. ದೋಣಿ ಕೆಡದೆ ತಲಪಬೇಕು. ಅದಕ್ಕಿಂತ ಮುಖ್ಯವಾಗಿ, ಒಂದೂವರೆ ಟನ್ನಿನ ವಸ್ತು ಹೆದ್ದಾರಿಯಲ್ಲಿ ಕಳಚಿಕೊಂಡು ಹಿಂದೆ ಬರುವವರ ಜೀವ ತೆಗೆಯಬಾರದು.

ದೋಣಿಯನ್ನು ಕಟ್ಟಿರುವುದು ನೀರಿಗಾಗಿ ಎಂಬುದನ್ನು ಮೊದಲು ನೆನಪಿಡಬೇಕು. ನೀರಿನಲ್ಲಿ ಅದರ ತೂಕವನ್ನು ತಳದ ಸುಮಾರು 8 ಚದರ ಮೀಟರ್ ಮೈಯೆಲ್ಲ ಹಂಚಿಕೊಂಡು ಹೊರುತ್ತದೆ. ಟ್ರೇಲರ್ ಮೇಲೆ ಅದನ್ನು ಹೊರುವುದು ಕಾರ್ಪೆಟ್ ಹೊದಿಸಿದ ಎರಡು ಮರದ ತೊಲೆಗಳು. ಒಂದೊಂದು 3 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲವೆಂದರೆ ಒಟ್ಟು ವಿಸ್ತೀರ್ಣ 0.6 ಚದರ ಮೀಟರ್. ಅಂದರೆ ತಳದ ಮೇಲಿನ ಒತ್ತಡ ಸುಮಾರು 13 ಪಟ್ಟು ಹೆಚ್ಚು. ಇಷ್ಟನ್ನು ದೋಣಿ ತಡೆಯುತ್ತದೆ. ತಡೆಯಲಾಗದ್ದು ಕುಕ್ಕು. ಪಟ್ಟಿ ಸಡಿಲವಾಗಿದ್ದರೆ ರಸ್ತೆಯ ಪ್ರತಿ ಉಬ್ಬಿನಲ್ಲೂ ದೋಣಿ ತೊಲೆಯಿಂದ ತುಸು ಮೇಲೆದ್ದು ಮತ್ತೆ ಬೀಳುತ್ತದೆ. ಮೂತಿಯನ್ನು ರಾಟೆಯ ಪಟ್ಟಿಯಿಂದಲೂ ಸರಪಣಿಯಿಂದಲೂ, ಹಿಂಭಾಗವನ್ನು ಎರಡು ಪಟ್ಟಿಗಳಿಂದಲೂ ಬಿಗಿಯುವುದು ಇದಕ್ಕಾಗಿಯೇ. ದೋಣಿ ಮತ್ತು ಟ್ರೇಲರ್ ಒಂದೇ ವಸ್ತುವಿನಂತೆ ಚಲಿಸಬೇಕು. ಹೊಸ ಪಟ್ಟಿ ಮೊದಲ ಕೆಲವು ಕಿಲೋಮೀಟರುಗಳಲ್ಲೇ ಸಡಿಲಗೊಳ್ಳುತ್ತದೆ. ನಿಲ್ಲಿಸಿ ಮತ್ತೆ ಬಿಗಿಯದವರೇ ಹೆಚ್ಚು.

ಇನ್ನು ಗಾಳಿ. ಸ್ಲಾಲಂ ಸ್ಪರ್ಧೆಯಲ್ಲಿ ಪುರುಷರಿಗಾಗಿ ದೋಣಿ ಓಡುವ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್. ಹೆದ್ದಾರಿಯಲ್ಲಿ ಅದೇ ದೋಣಿ 100 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಲೆಕ್ಕ ಹಾಕಿದರೆ 470 ಪಾಸ್ಕಲ್. ಒಂದು ಚದರ ಮೀಟರಿನ ಮೇಲೆ 48 ಕಿಲೋಗ್ರಾಮ್ ತೂಕವಿಟ್ಟಂತೆ. ಎದುರುಗಾಳಿ ಇದ್ದರೆ ಇನ್ನೂ ಹೆಚ್ಚು.

ಧೂಳು ತಡೆಯಲೆಂದು ಹೊದಿಸಿದ ಬಟ್ಟೆ ಇಲ್ಲಿ ಶತ್ರುವಾಗಬಲ್ಲದು. ನಮ್ಮ ಲಾರಿಗಳ ಸಡಿಲ ಟಾರ್ಪಾಲಿನ್ ಬಲೂನಿನಂತೆ ಉಬ್ಬಿ ಪಟಪಟ ಬಡಿಯುವುದನ್ನು ನೀವೆಲ್ಲ ನೋಡಿದ್ದೀರಿ. ಮೇಲೆ ವೇಗವಾಗಿ ಹರಿಯುವ ಗಾಳಿಯ ಒತ್ತಡ ಕಡಿಮೆ, ಒಳಗಿನ ನಿಂತ ಗಾಳಿಯದು ಹೆಚ್ಚು, ಬಟ್ಟೆ ಏಳುತ್ತದೆ. ದೋಣಿಯ ಹೊರಮೈ ಹೊಳಪು ಪದರದ ದಪ್ಪ ಅರ್ಧ ಮಿಲಿಮೀಟರಿನಷ್ಟೇ. ಅದರ ಮತ್ತು ಬಟ್ಟೆಯ ನಡುವೆ ಮರಳಿನ ಕಣಗಳು ಸಿಕ್ಕಿಕೊಂಡು ಮೂರು ದಿನ ಉಜ್ಜಿದರೆ ಅದು ಉಪ್ಪುಕಾಗದದ ಕೆಲಸವೇ ಸರಿ. ಆದ್ದರಿಂದ ಬಿಗಿಯಾಗಿ ಕೂರುವ, ಪ್ರಯಾಣಕ್ಕೆಂದೇ ಹೊಲಿದ ಹೊದಿಕೆ ಬೇಕು. ಅದಿಲ್ಲದಿದ್ದರೆ ಹೊದಿಸದೆ ಒಯ್ಯುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಹಿಂಭಾಗದ ಚಪ್ಪಟೆ ಪಟ್ಟಿಯೂ ಗಾಳಿಯಲ್ಲಿ ಗುಂಯ್‌ಗುಡುತ್ತದೆ. ಕಂಪನದಿಂದ ತಾಗಿದಲ್ಲೆಲ್ಲ ದೋಣಿಯ ಮೈ ಸವೆಯುತ್ತದೆ, ಪಟ್ಟಿಯ ಎಳೆಗಳೂ ಬಳಲುತ್ತವೆ. ಅನುಭವಿಗಳು ಕಟ್ಟುವಾಗ ಪಟ್ಟಿಗೆ ಒಂದೆರಡು ತಿರುಚು ಹಾಕುತ್ತಾರೆ. ಸದ್ದು ನಿಂತುಹೋಗುತ್ತದೆ! ನೆಟ್ಟಗಿರುವ ಪಟ್ಟಿ ಇಡೀ ಉದ್ದಕ್ಕೂ ಒಂದೇ ಕೋನದಲ್ಲಿ ಗಾಳಿಗೆ ಮೈಯೊಡ್ಡುವುದರಿಂದ ಎಲ್ಲ ಭಾಗಗಳೂ ಒಟ್ಟಾಗಿ ತೂಗುತ್ತವೆ. ತಿರುಚಿದಾಗ ಒಂದೊಂದು ಭಾಗದ ಮೇಲಿನ ನೂಕು ಒಂದೊಂದು ದಿಕ್ಕಿನದಾಗಿ ಹೊಂದಾಣಿಕೆ ಮುರಿಯುತ್ತದೆ. ಕಾರ್ಖಾನೆಗಳ ಎತ್ತರದ ಉಕ್ಕಿನ ಚಿಮಣಿಗಳಿಗೆ ಮೇಲ್ಭಾಗದಲ್ಲಿ ಸುರುಳಿಯಾಗಿ ಪಟ್ಟಿ ಬೆಸೆದಿರುವುದರ ಹಿಂದೆಯೂ ಇಂಥದೇ ಉಪಾಯವಿದೆ.

ಟ್ರೇಲರಿನ ತೂಕದಲ್ಲಿ ಸುಮಾರು ಶೇಕಡ 10 ಭಾಗ ಕಾರಿನ ಕೊಂಡಿಯ ಮೇಲೆ ಬೀಳಬೇಕು. ಗುರುತ್ವ ಕೇಂದ್ರ ಅಚ್ಚಿನ ಹಿಂದಕ್ಕೆ ಸರಿದರೆ ಟ್ರೇಲರ್ ಅಡ್ಡಡ್ಡ ಓಲಾಡತೊಡಗುತ್ತದೆ, ಒಂದು ವೇಗ ಮೀರಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಸಾಮಾನನ್ನೆಲ್ಲ ದೋಣಿಯ ಹಿಂಬದಿಗೆ ತುಂಬುವವರು ಇದನ್ನು ಮರೆಯುತ್ತಾರೆ.

ಪಶ್ಚಿಮಕ್ಕೆ ಸಾಗಿದಂತೆ ರಸ್ತೆ ಏರಿ, ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ನಗರದಲ್ಲಿ 2100 ಮೀಟರ್ ಎತ್ತರ ಮುಟ್ಟುತ್ತದೆ. ಮಾರ್ಚ್ ರಾತ್ರಿಗಳಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವುದು ಸಾಮಾನ್ಯ. ಇಂಥ ಅನೇಕ ದೋಣಿಗಳ ಎಂಜಿನ್ ತಣ್ಣಗಾಗುವುದು ಸರೋವರದಿಂದಲೇ ಸೇದಿದ ನೀರಿನಿಂದ. ದೋಣಿಯನ್ನು ಮೇಲೆತ್ತಿದ ಬಳಿಕವೂ ಒಂದಿಷ್ಟು ನೀರು ಎಂಜಿನ್ನಿನೊಳಗೆ ಉಳಿದಿರುತ್ತದೆ. ಹೆಪ್ಪುಗಟ್ಟುವಾಗ ನೀರಿನ ಗಾತ್ರ ಶೇಕಡ 9ರಷ್ಟು ಹಿಗ್ಗುತ್ತದೆ. ಎಂಜಿನ್ನಿನ ಎರಕದ ಕಬ್ಬಿಣ ಬಿರುಕುಬಿಡಲು ಒಂದು ರಾತ್ರಿ ಸಾಕು. ಹೊರಡುವ ಮೊದಲೇ ಆ ನೀರನ್ನು ಪೂರ್ತಿ ಬಸಿಯಬೇಕು. ಓಡುವಾಗಿನ ಗಾಳಿಗೆ ಎಂಜಿನ್ ಹೊರಗಿನ ಹವೆಗಿಂತಲೂ ತಣ್ಣಗಾಗುತ್ತದೆ ಎಂದು ವಿದ್ಯಾರ್ಥಿಗಳು ಹೇಳುವುದುಂಟು. ಒಣಗಿದ ವಸ್ತುವಿಗೆ ಅದು ಸಲ್ಲದು. ಗಾಳಿ ಬೀಸಿದರೆ ವಸ್ತು ಹವೆಯ ಉಷ್ಣತೆಗೆ ಬೇಗ ಇಳಿಯುತ್ತದೆ, ಅದಕ್ಕಿಂತ ಕೆಳಗೆ ಇಳಿಯದು.

ಫ್ಲ್ಯಾಗ್‌ಸ್ಟಾಫ್‌ನಿಂದ ಮುಂದೆ ಇಳಿಜಾರು. ಹವಾಸು ಸರೋವರದ ಮಟ್ಟ ಸುಮಾರು 140 ಮೀಟರ್. ದೋಣಿ, ಟ್ರೇಲರ್ ಸೇರಿ 2000 ಕಿಲೋಗ್ರಾಮ್ ಎಂದರೆ ಅದು ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಸುಮಾರು 3.8 ಕೋಟಿ ಜೂಲ್. 90 ಲೀಟರ್ ಮಂಜಿನಷ್ಟು ತಣ್ಣನೆಯ ನೀರನ್ನು ಕುದಿಬಿಂದುವಿಗೆ ತರಲು ಇಷ್ಟು ಸಾಕು. ಒಂದು ಭಾಗವನ್ನು ಗಾಳಿ, ರಸ್ತೆ ನುಂಗಿದರೂ ಉಳಿದದ್ದು ಬ್ರೇಕಿಗೂ ಎಂಜಿನ್ನಿಗೂ ಹೋಗಬೇಕು. ಕೆಳ ಗೇರಿನಲ್ಲಿ ಇಳಿಯದೆ ಬ್ರೇಕನ್ನೇ ನಂಬಿದರೆ ಟ್ರೇಲರಿನ ಚಕ್ರದ ಗುಂಬಗಳು ಚೆನ್ನಾಗಿ ಕಾಯುತ್ತವೆ. ಅವುಗಳೊಳಗಿನ ಬೇರಿಂಗುಗಳು ಅಷ್ಟರಲ್ಲಿ 14 ಲಕ್ಷ ಸುತ್ತು ತಿರುಗಿರುತ್ತವೆ.

ಸರೋವರ ಕಂಡೊಡನೆ ಜನ ಟ್ರೇಲರನ್ನು ಹಿಂದುಹಿಂದಾಗಿ ನೀರಿಗಿಳಿಸುತ್ತಾರೆ. ಗುಂಬದೊಳಗಿನ ಗಾಳಿ 70 ಡಿಗ್ರಿ ಇದ್ದದ್ದು ಥಟ್ಟನೆ 20ಕ್ಕಿಳಿಯಿತೆನ್ನಿ. ಕೆಲ್ವಿನ್ ಮಾನದಲ್ಲಿ 343ರಿಂದ 293. ಗಾತ್ರ ಬದಲಾಗದಿದ್ದರೆ ಒತ್ತಡ ಶೇಕಡ 15ರಷ್ಟು ಕುಸಿಯಬೇಕು. ಅದು ಒಂದೂವರೆ ಮೀಟರ್ ನೀರಿನ ಕಂಬದ ಒತ್ತಡಕ್ಕೆ ಸಮ. ರಬ್ಬರಿನ ಸೀಲು ಸವೆದಿದ್ದರೆ ಗುಂಬ ನೀರನ್ನು ಪಿಚಕಾರಿಯಂತೆ ಒಳಗೆಳೆದುಕೊಳ್ಳುತ್ತದೆ. ಗ್ರೀಸು ನೀರು ಬೆರೆತು ಕೆಡುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಮುಂದಿನ ಪ್ರಯಾಣದಲ್ಲಿ ಅದು ಕಾದು ಕಚ್ಚಿಕೊಂಡು, ಕೆಲವೊಮ್ಮೆ ಚಕ್ರವೇ ಕಳಚಿ ಹೋಗುತ್ತದೆ. ಸ್ಪ್ರಿಂಗಿನಿಂದ ಗ್ರೀಸನ್ನು ಸದಾ ಹೊರಗಿನದಕ್ಕಿಂತ ತುಸು ಹೆಚ್ಚು ಒತ್ತಡದಲ್ಲಿಡುವ ಮುಚ್ಚಳ ಸಿಗುತ್ತದೆ, ಹಾಕಿಸುವುದು ಒಳ್ಳೆಯದು. ಅದಕ್ಕಿಂತ ಅಗ್ಗದ ಉಪಾಯ, ಗುಂಬ ಮುಟ್ಟುವಷ್ಟು ತಣ್ಣಗಾಗುವವರೆಗೆ ದಡದಲ್ಲಿ ಕುಳಿತು ಕಾಯುವುದು.

ಕಾಯುವ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದಿದೆ. ಮಳೆನೀರು ಒಳಗೆ ನಿಂತು ತೂಕ ಹೆಚ್ಚದಿರಲೆಂದು ದಾರಿಯಲ್ಲಿ ದೋಣಿಯ ತಳದ ಬಿರಡೆಯನ್ನು ತೆಗೆದಿಟ್ಟಿರುತ್ತಾರೆ. ಒಂದು ಕೆರೆಯ ಜೀವಿಗಳು ಇನ್ನೊಂದಕ್ಕೆ ಹರಡದಂತೆ ಹಾಗೆ ತೆಗೆದೇ ಒಯ್ಯಬೇಕೆಂದು ಅರಿಜೋನಾದ ಕಾನೂನೂ ಹೇಳುತ್ತದೆ. ದೋಣಿ ನೀರಿಗಿಳಿಯುವ ಮೊದಲು ಆ ಬಿರಡೆಯನ್ನು ಹುಡುಕಿ ತಿರುಪಿ ಕೂರಿಸಬೇಕು.