ಮಿತವ್ಯಯದಲ್ಲಿ ಚಿಕ್ಕ ಕಾರಿನ ಧ್ವನಿ ಸುಧಾರಣೆ

ಸ್ವಂತದ ಮೋಟಾರು ಕಾರೆಂಬುದು ಒಂದು ಕಾಲಕ್ಕೆ ನಮ್ಮಂಥವರ ಕನಸಿನಲ್ಲಿಯೂ ಸುಳಿಯದ ವಸ್ತುವಾಗಿದ್ದಿತು. ೧೯೮೩ನೆಯ ಇಸವಿಯ ಡಿಸೆಂಬರಿನಲ್ಲಿ ಮಾರುತಿ ೮೦೦ ಎಂಬ ಪುಟ್ಟ ಗಾಡಿಯು ರಸ್ತೆಗಿಳಿದ ಮೇಲೆ ಆ ಪರಿಸ್ಥಿತಿಯು ಮೆಲ್ಲಮೆಲ್ಲನೆ ಬದಲಾಗುತ್ತ ಬಂದಿತು. ಇಂದು ಹೋಟೆಲಿನ ಗಲ್ಲೆಯಲ್ಲಿ ಕುಳಿತು ದುಡಿಯುವವರೂ ಕಚೇರಿಯ ಗುಮಾಸ್ತರೂ ಕಂತಿನ ಮೇಲೆ ಹೊಸದನ್ನೋ, ಒಬ್ಬಿಬ್ಬರ ಕೈದಾಟಿ ಬಂದುದನ್ನೋ, ಅಂತೂ ಒಂದು ಚಿಕ್ಕ ಕಾರನ್ನು ಕೊಳ್ಳುವಂತಾಗಿದೆ. ಮುಂಬಯಿಯಲ್ಲಿರುವ ಕರಾವಳಿಯ ಬಾಂಧವರಿಗೆ ಅದರ ಮುಖ್ಯ ಪ್ರಯೋಜನವೆಂದರೆ, ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪನ್ವೇಲಿನಿಂದ ರಾಷ್ಟ್ರೀಯ ಹೆದ್ದಾರಿ ೬೬ನ್ನು ಹಿಡಿದು, ಹತ್ತಿರ ಹತ್ತಿರ ೮೦೦ ಕಿಲೋಮೀಟರಿನ ದಾರಿಯನ್ನು ಕ್ರಮಿಸಿ ಊರನ್ನು ಸೇರುವುದು.

ಅಷ್ಟು ದೀರ್ಘವಾದ ಪ್ರಯಾಣದಲ್ಲಿ ಹಾಡು, ಯಕ್ಷಗಾನ, ಹರಿಕಥೆಗಳೇ ಸಂಗಾತಿಗಳು. ಆದರೆ ಕಡಿಮೆ ಬೆಲೆಯ ಕಾರಿನೊಡನೆ ಕಾರ್ಖಾನೆಯಿಂದ ಬರುವ ಸ್ಪೀಕರುಗಳು ಬಹುತೇಕ ತೆಳ್ಳನೆಯ ಕಾಗದದ ಶಂಕುವೂ ಸಣ್ಣ ಅಯಸ್ಕಾಂತವೂ ಉಳ್ಳವು. ನಗರದೊಳಗೆ ಸಿಗ್ನಲಿನ ಬಳಿ ನಿಂತಾಗ ಕೇಳಿಸಿದ ಹಾಡು ಹೆದ್ದಾರಿಯಲ್ಲಿ ವೇಗ ಹೆಚ್ಚಿದೊಡನೆ ಗೊಣಗಾಟವಾಗುತ್ತದೆ. ಇದನ್ನು ಸ್ವಲ್ಪ ಹಣದಲ್ಲಿ ಸರಿಪಡಿಸಿಕೊಳ್ಳುವ ಬಗೆ ಹೇಗೆಂದು ಮಿತ್ರರು ಹಲವರು ಕೇಳುತ್ತಿರುವುದರಿಂದ, ನಾವು ಪೆಟ್ಟು ತಿಂದು ಕಲಿತುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ತಪ್ಪು

ನಮ್ಮ ಮಾತೃಶ್ರೀಯವರು ಊರಿನ ಮದುವೆಮನೆಗಳಲ್ಲಿ ಶೋಭಾನೆ ಹಾಡುತ್ತಿದ್ದರು. ಅವರು ಬದುಕಿದ್ದಾಗ ನಮ್ಮ ತಂಗಿಯು ಅವನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿಟ್ಟುಕೊಂಡಿದ್ದಳು; ಮುಂದೆ ಅವು ಮೊಬೈಲಿಗೆ ಬಂದವು. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅಜ್ಜಿಯ ಧ್ವನಿಯೆಂದರೆ ಅದೊಂದೇ. ಊರಿಗೆ ಹೋಗುವಾಗ ಕಾರಿನಲ್ಲಿ ಅದನ್ನು ಹಚ್ಚಿದರೆ, "ಅಜ್ಜಿ ಏನು ಹೇಳುತ್ತಿದ್ದಾರೆ?" ಎಂದು ಅವರು ಕೇಳುವರು. ರಾಗವು ತಿಳಿಯುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಇದಕ್ಕೆ ಪರಿಹಾರವೆಂದು ಅಂಗಡಿಯವನೊಬ್ಬನು ಹೇಳಿದುದನ್ನು ನಂಬಿ, ದೀಪಾವಳಿಯ ಬೋನಸ್ಸಿನಿಂದ ೧೧,೦೦೦ ರೂಪಾಯಿ ತೆತ್ತು, ಡಿಕ್ಕಿಯಲ್ಲಿ ೧೨ ಅಂಗುಲದ ಸಬ್‌ವೂಫರಿನ ಪೆಟ್ಟಿಗೆಯನ್ನೂ ಅದಕ್ಕೊಂದು ಆಂಪ್ಲಿಫೈಯರನ್ನೂ ಕೂರಿಸಿಕೊಂಡೆವು. ಗಾಜುಗಳು ನಡುಗಿದವು, ಹಿಂದಿನ ನಂಬರು ಫಲಕವು ತಾಳ ಹಾಕಿತು, ಚಾಳಿನ ನೆರೆಯವರ ಕೂಸು ಎಚ್ಚರಗೊಂಡಿತು. ಅಜ್ಜಿಯ ಮಾತು ಮಾತ್ರ ಮೊದಲಿನಂತೆಯೇ ಉಳಿಯಿತು. ಊರಿನಿಂದ ಮರಳುವಾಗ ತೆಂಗಿನಕಾಯಿಗೂ ಕುಚ್ಚಲಕ್ಕಿಯ ಚೀಲಕ್ಕೂ ಡಿಕ್ಕಿಯಲ್ಲಿ ಸ್ಥಳವಿಲ್ಲದೆ, ಮಕ್ಕಳು ಕಾಲು ಚಾಚಲಾರದೆ ಬರಬೇಕಾಯಿತು. ಕೊನೆಗೆ ಅದನ್ನು ೪,೦೦೦ ರೂಪಾಯಿಗೆ ಮಾರಿ ಕೈ ತೊಳೆದುಕೊಂಡೆವು.

ತಪ್ಪು ಎಲ್ಲಿ ಆಯಿತೆಂಬುದನ್ನು ತಿಳಿಯಲು ಶಬ್ದದ ಸ್ವರೂಪವನ್ನು ತುಸು ಅರಿಯಬೇಕು. ಮನುಷ್ಯನ ಕಿವಿಯು ಸೆಕೆಂಡಿಗೆ ೨೦ ಕಂಪನಗಳಿಂದ ಮೊದಲ್ಗೊಂಡು ೨೦,೦೦೦ ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲುದು. ಮಾತನಾಡುವ ಕಂಠದ ಮೂಲನಾದವು ಸುಮಾರು ೧೦೦ರಿಂದ ೨೫೦ರ ಆಸುಪಾಸಿನಲ್ಲಿದ್ದರೂ, ತಕಾರವನ್ನು ಪಕಾರದಿಂದಲೂ ಸಕಾರವನ್ನು ಶಕಾರದಿಂದಲೂ ಬೇರ್ಪಡಿಸಿ ತೋರಿಸುವ ಸೂಕ್ಷ್ಮಾಂಶಗಳು ಬಹಳ ಮಟ್ಟಿಗೆ ೨,೦೦೦ಕ್ಕಿಂತ ಮೇಲಿನ ಕಂಪನಗಳಲ್ಲಿವೆ. ಸಬ್‌ವೂಫರಾದರೋ ೮೦ ಅಥವಾ ೧೦೦ರ ಕೆಳಗಿನದನ್ನು ಮಾತ್ರ ನುಡಿಸುವ ಸಾಧನ. ಮಾತಿನ ಸ್ಪಷ್ಟತೆಗಾಗಿ ಅದನ್ನು ಕೊಂಡುದು, ಕಣ್ಣು ಮಂಜಾದವನು ಹೊಸ ಜೋಡು ಮೆಟ್ಟಿಕೊಂಡಂತಾಯಿತು.

ವಾಟ್ಟಿನ ಮೋಹ

ಎರಡನೆಯ ಭ್ರಮೆಯೆಂದರೆ ವಾಟ್ಟಿನದು. ಕಾರಿನ ರೇಡಿಯೋ ಪೆಟ್ಟಿಗೆಗಳ ಮೇಲೆ ೫೦ ವಾಟ್ಟಿನ ನಾಲ್ಕು ಎಂದು ದೊಡ್ಡಕ್ಷರಗಳಲ್ಲಿ ಬರೆದಿರುವುದುಂಟು. ಎಂಜಿನು ನಡೆಯುತ್ತಿರುವಾಗ ಕಾರಿನಲ್ಲಿ ದೊರೆಯುವ ವಿದ್ಯುತ್ತಿನ ಒತ್ತಡವು ಸುಮಾರು ೧೪ ವೋಲ್ಟು. ಸ್ಪೀಕರಿನ ತಡೆಯು ಸಾಮಾನ್ಯವಾಗಿ ೪ ಓಮು. ಈ ಎರಡನ್ನು ಹಿಡಿದು ಲೆಕ್ಕ ಹಾಕಿದರೆ, ನಾದವು ಕೆಡದಂತೆ ಒಂದೊಂದು ಸ್ಪೀಕರಿಗೆ ಸತತವಾಗಿ ಒದಗಬಲ್ಲ ಶಕ್ತಿಯು ೨೦ ವಾಟ್ಟಿನ ಸುತ್ತಮುತ್ತ ಮಾತ್ರ. ಉಳಿದುದು ಕ್ಷಣಮಾತ್ರದ ಗರಿಷ್ಠದ ಅಂಕಿ. ಆದುದರಿಂದ ಕೊಳ್ಳುವವರು ಆರ್‌ಎಂಎಸ್ ಎಂದು ಕಾಣಿಸಿದ ವಾಟ್ಟನ್ನೇ ಕೇಳಬೇಕು.

ಮೇಲಾಗಿ, ಶಕ್ತಿಯನ್ನು ಇಮ್ಮಡಿಗೊಳಿಸಿದ ಮಾತ್ರಕ್ಕೆ ಧ್ವನಿಯು ಇಮ್ಮಡಿಯಾಗಿ ಕೇಳಿಸುವುದಿಲ್ಲ. ಇಮ್ಮಡಿ ವಾಟ್ಟಿನಿಂದ ೩ ಡೆಸಿಬೆಲ್ಲಿನಷ್ಟು ಮಾತ್ರ ಏರಿಕೆ. ಕಿವಿಗೆ ಎರಡರಷ್ಟು ಎನ್ನಿಸಬೇಕಾದರೆ ಸುಮಾರು ಹತ್ತುಪಟ್ಟು ಶಕ್ತಿ ಬೇಕು. ಅದೇ ೩ ಡೆಸಿಬೆಲ್ಲನ್ನು ಹೆಚ್ಚು ಸಂವೇದನೆಯ ಸ್ಪೀಕರನ್ನು ಆರಿಸಿ ಬಿಟ್ಟಿಯಾಗಿ ಪಡೆಯಬಹುದು. ೮೯ ಡೆಸಿಬೆಲ್ಲಿನ ಸ್ಪೀಕರಿಗೆ ೪೦ ವಾಟ್ಟಿನಿಂದ ಬರುವ ಧ್ವನಿಯು ೯೨ ಡೆಸಿಬೆಲ್ಲಿನ ಸ್ಪೀಕರಿಗೆ ೨೦ ವಾಟ್ಟಿನಿಂದಲೇ ಬರುತ್ತದೆ. ಕಾರ್ಖಾನೆಯ ರೇಡಿಯೋವನ್ನೇ ಉಳಿಸಿಕೊಳ್ಳುವ ಬಡವನಿಗೆ ಈ ಒಂದು ಅಂಕಿಯೇ ದೊಡ್ಡ ಆಸರೆ.

ವೆಚ್ಚದ ಕ್ರಮ

ಹಣವನ್ನು ಯಾವುದಕ್ಕೆ ಮೊದಲು ಹಾಕಬೇಕೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಮೊದಲನೆಯ ಹೆಜ್ಜೆಗೆ ಕಾಸಿನ ಖರ್ಚೂ ಇಲ್ಲ. ರೇಡಿಯೋದ ಸಜ್ಜಿಕೆಯಲ್ಲಿ ಬಾಸ್ ಎಂಬುದನ್ನು ತುದಿಗೇರಿಸಿದ್ದರೆ ಮಧ್ಯಕ್ಕೆ ಇಳಿಸಬೇಕು; ಸಮತೋಲವನ್ನು ಮುಂದಿನ ಬಾಗಿಲುಗಳ ಕಡೆಗೆ ಸರಿಸಬೇಕು. ೮೦ರ ಕೆಳಗಿನ ಕಂಪನಗಳನ್ನು ತಡೆಯುವ ಹೈ ಪಾಸ್ ಸೌಕರ್ಯವಿದ್ದರೆ ಅದನ್ನು ಚಾಲೂ ಮಾಡಬೇಕು. ಸಣ್ಣ ಸ್ಪೀಕರು ತನ್ನಿಂದಾಗದ ಭಾರವನ್ನು ಇಳಿಸಿಕೊಂಡು, ಆಗುವುದನ್ನು ಸ್ವಚ್ಛವಾಗಿ ನುಡಿಯುತ್ತದೆ. ಹಲವು ಕೈ ದಾಟಿ, ಮತ್ತೆ ಮತ್ತೆ ಅಮುಕಿ ಕಿರಿದಾಗಿಸಿದ ಹಾಡಿನ ಪ್ರತಿಗಳನ್ನು ಬಿಟ್ಟು ಮೂಲ ಪ್ರತಿಯನ್ನು ಬಳಸಬೇಕು. ನಾವು ಹಳೆಯ ಕ್ಯಾಸೆಟ್ಟನ್ನು ಊರಿನಿಂದ ತರಿಸಿ, ಒಳ್ಳೆಯ ಯಂತ್ರದಲ್ಲಿ ಹೊಸದಾಗಿ ಪ್ರತಿ ಮಾಡಿಸಿದಾಗಲೇ ಅರ್ಧ ಮಂಕು ಕಳೆಯಿತು.

ಎರಡನೆಯದು ಮುಂದಿನ ಬಾಗಿಲಿನ ಎರಡು ಸ್ಪೀಕರುಗಳು. ಕೂಡಿಟ್ಟ ಹಣದ ದೊಡ್ಡ ಪಾಲು ಇವುಗಳಿಗೆ ಸಲ್ಲಬೇಕು. ಹಿಂದಿನವು ಇದ್ದಂತೆಯೇ ಇರಲಿ. ಎಲ್ಲವೂ ಒಂದೇ ಚಕ್ರದಲ್ಲಿ ಕೂಡಿರುವ ಕೋಆಕ್ಸಿಯಲ್ ಎಂಬುದು ಅಗ್ಗ. ಟ್ವೀಟರು ಬೇರೆಯಾಗಿ ಬರುವ ಕಾಂಪೊನೆಂಟ್ ಜೋಡಿಯು ತುಸು ತುಟ್ಟಿ. ಎತ್ತರದ ನಾದವು ಬೆಳಕಿನಂತೆ ನೇರವಾಗಿ ಸಾಗುವುದರಿಂದ, ಮೊಣಕಾಲಿನ ಬಳಿ ಹುಟ್ಟಿದುದು ಕಾಲಿಗೂ ಆಸನಕ್ಕೂ ಬಡಿದು ಸತ್ತುಹೋಗುತ್ತದೆ. ಟ್ವೀಟರನ್ನು ಪಕ್ಕದ ಕನ್ನಡಿಯ ಮೂಲೆಯಲ್ಲಿ ಕೂರಿಸಿದರೆ ಮಾತು ಮುಖದೆದುರಿಗೆ ಬರುತ್ತದೆ. ಆದರೆ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗು ಇರುವ ಕಾರಿನಲ್ಲಿ ಗಾಜಿನ ಪಕ್ಕದ ಕಂಬವನ್ನು ಕೊರೆಯಲೇಬಾರದು. ಕೊಳ್ಳುವ ಮುನ್ನ ಸ್ಪೀಕರಿನ ಅಗಲದೊಡನೆ ಆಳವನ್ನೂ ಅಳೆಯಬೇಕು. ಇಲ್ಲವಾದರೆ ಕೆಳಗಿಳಿದ ಕಿಟಕಿಯ ಗಾಜು ಅಯಸ್ಕಾಂತಕ್ಕೆ ತಾಗುತ್ತದೆ.

ಮೂರನೆಯದು ಬಾಗಿಲು. ಸ್ಪೀಕರಿಗೆ ಪೆಟ್ಟಿಗೆಯೆಂದರೆ ಆ ಬಾಗಿಲೇ. ಚಿಕ್ಕ ಕಾರಿನ ಬಾಗಿಲಿನ ತಗಡನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿರಿ. ಬರಿಯ ಡಬ್ಬಿಯಂತೆ ನುಡಿಯುತ್ತದೆ. ಒಳತಗಡಿನಲ್ಲಿರುವ ತೂತುಗಳ ಮೂಲಕ ಸ್ಪೀಕರಿನ ಬೆನ್ನಿನಿಂದ ಹೊರಟ ನಾದವು ಮುಂದಕ್ಕೆ ಬಂದು, ಎದುರಿನಿಂದ ಹೊರಟ ನಾದವನ್ನು ಅಳಿಸಿಹಾಕುತ್ತದೆ. ಬ್ಯುಟೈಲ್ ರಬ್ಬರಿನ ಮೇಲೆ ಅಲ್ಯುಮಿನಿಯಂ ಹಾಳೆ ಹೊದಿಸಿದ ಅಂಟುಪಟ್ಟಿಯನ್ನು ಹೊರತಗಡಿನ ನಡುಭಾಗಗಳಲ್ಲಿ ಒತ್ತಿ ಹಚ್ಚಿ, ಒಳತಗಡಿನ ತೂತುಗಳನ್ನು ಮುಚ್ಚಿದರೆ, ಸ್ಪೀಕರಿಗೆ ಗಟ್ಟಿಯಾದ ಆಸರೆ ದೊರೆಯುವುದಲ್ಲದೆ ರಸ್ತೆಯ ಸದ್ದೂ ಸ್ವಲ್ಪ ತಗ್ಗುತ್ತದೆ. ತಗಡಿನ ಮೂಲೆಮೂಲೆಯನ್ನೆಲ್ಲ ಮುಚ್ಚಬೇಕಾಗಿಲ್ಲ. ಬಾಗಿಲಿನ ತಳದಲ್ಲಿ ಮಳೆಯ ನೀರು ಇಳಿದುಹೋಗುವ ರಂಧ್ರಗಳನ್ನು ಮಾತ್ರ ಎಂದಿಗೂ ಮುಚ್ಚಕೂಡದು; ಮುಂಬಯಿಯ ಒಂದು ಮಳೆಗಾಲದಲ್ಲಿಯೇ ಬಾಗಿಲು ತುಕ್ಕು ಹಿಡಿಯತೊಡಗುವುದು.

ಎರಡನೆಯ ಸಲ ನಮಗೆ ತಗುಲಿದ ವೆಚ್ಚ ಹೀಗಿದೆ: ಸ್ಪೀಕರಿನ ಜೋಡಿಗೆ ೪,೨೦೦ ರೂಪಾಯಿ, ಅಂಟುಪಟ್ಟಿಗೆ ೧,೮೦೦, ಬಳೆ ಮತ್ತು ತಂತಿಯ ಜೋಡಣೆಗಳಿಗೆ ೬೦೦, ಕೂಲಿ ೯೦೦, ಒಟ್ಟು ೭,೫೦೦ ರೂಪಾಯಿ. ಮೊದಲ ಸಲದ ಪೆಟ್ಟಿಗೆಯ ವ್ಯಾಪಾರದಲ್ಲಿ ನಾವು ಕಳೆದುಕೊಂಡುದೇ ೭,೦೦೦ ರೂಪಾಯಿ ಎಂಬುದನ್ನು ವಾಚಕರು ಗಮನಿಸಬೇಕು.

ಎಚ್ಚರಿಕೆಯ ಮಾತುಗಳು

ಕಾರಿನ ಮೂಲ ತಂತಿಗಳನ್ನು ಕತ್ತರಿಸಲು ಯಾರಿಗೂ ಅನುಮತಿ ಕೊಡಬಾರದು. ಆಯಾ ಕಾರಿಗೆ ಹೊಂದುವ ಜೋಡಣೆಯ ಕೊಂಡಿಗಳು ಅಲ್ಪ ಬೆಲೆಗೆ ದೊರೆಯುತ್ತವೆ. ಕತ್ತರಿಸಿ ಹೊಸೆದ ತಂತಿಯು ಹೊಸ ಕಾರಿನ ಗ್ಯಾರಂಟಿಗೆ ತೊಡಕಾಗಬಹುದು, ಸಡಿಲಗೊಂಡರೆ ಬೆಂಕಿಗೂ ಕಾರಣವಾಗಬಹುದು. ಮುಂದೆಂದಾದರೂ ಆಂಪ್ಲಿಫೈಯರನ್ನು ಕೂರಿಸುವುದಾದರೆ ಬ್ಯಾಟರಿಯಿಂದ ಹೊರಡುವ ತಂತಿಗೆ ೪೫ ಸೆಂಟಿಮೀಟರಿನೊಳಗೆ ಫ್ಯೂಜು ಇರಲೇಬೇಕು.

ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ. ಒಬ್ಬರೇ ಮಾತನಾಡಿರುವ ಮುದ್ರಣವನ್ನು ಹಚ್ಚಿ, ಎರಡೂ ಬದಿಯನ್ನು ಸಮನಾಗಿರಿಸಿ ಆಲಿಸಿದರೆ, ಮಾತು ಎದುರಿನಿಂದ ಗಟ್ಟಿಯಾಗಿ ಬರಬೇಕು. ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ, ಕೆಳಗಿನ ನಾದವೂ ಬಡವಾಗಿದ್ದರೆ, ಒಂದು ಸ್ಪೀಕರಿನ ಎರಡು ತಂತಿಗಳು ಅದಲುಬದಲಾಗಿವೆಯೆಂದು ತಿಳಿಯಬೇಕು. ಅವನ್ನು ತಿರುಗಿಸಿ ಜೋಡಿಸಿದರೆ ಸಾಕು. ಇಷ್ಟು ಚಿಕ್ಕ ತಪ್ಪಿಗಾಗಿ ಹೊಸ ಸಾಮಾನನ್ನು ಕೊಂಡವರನ್ನು ನಾವು ಬಲ್ಲೆವು.

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚ್ಚಿ ಬೀದಿ, ದಿಲ್ಲಿಯ ಲಾಜಪತ ರಾಯ್ ಮಾರ್ಕೆಟ್ಟು ಮುಂತಾದೆಡೆಗಳಲ್ಲಿ ಇಂತಹ ಸಾಮಾನುಗಳಿಗೆ ಕೊರತೆಯಿಲ್ಲ. ನಕಲಿ ಮಾಲಿಗೂ ಇಲ್ಲ. ರಸೀದಿಯಿಲ್ಲದೆ ಕೊಳ್ಳಬೇಡಿರಿ. ಅಂಗಡಿಯವನು ಕೇಳಿಸುವ ಅಬ್ಬರದ ಹಾಡನ್ನು ನಿಲ್ಲಿಸಿ, ನಿಮಗೆ ಬಾಯಿಪಾಠವಾಗಿರುವ ಮುದ್ರಣವನ್ನೇ ಹಚ್ಚಿಸಿರಿ. ನಾವಂತೂ ೧೯೯೦ರಲ್ಲಿ ಗತಿಸಿದ ಭಾಗವತ ಕಾಳಿಂಗ ನಾವಡರ ಪದವೊಂದನ್ನು ಒಯ್ದಿದ್ದೆವು. ಯಕ್ಷಗಾನದ ಹಿಮ್ಮೇಳಕ್ಕಿಂತ ಕಠಿಣವಾದ ಪರೀಕ್ಷಕನಿಲ್ಲ. ಚಂಡೆಯ ಪೆಟ್ಟು ಹರಿತವಾಗಿರಬೇಕು, ಮದ್ದಳೆಯ ಗುಂಬು ಅದರಲ್ಲಿ ಮುಳುಗಬಾರದು, ತಾಳದ ಕಿಣಿಕಿಣಿಯು ಕಿವಿಯನ್ನು ಚುಚ್ಚಬಾರದು. ಇವೆಲ್ಲದರ ನಡುವೆ ಭಾಗವತರ ಮಾತು ಅಕ್ಷರ ಅಕ್ಷರವಾಗಿ ತಿಳಿಯಬೇಕು. ಇಷ್ಟನ್ನು ಸಾಧಿಸುವ ಸ್ಪೀಕರು ಮಿಕ್ಕುದೆಲ್ಲವನ್ನೂ ಸಾಧಿಸೀತು.

ಕೊನೆಯದಾಗಿ, ಒಳ್ಳೆಯ ಧ್ವನಿಗೂ ದೊಡ್ಡ ಧ್ವನಿಗೂ ಅಂತರವುಂಟು. ಚಿಕ್ಕ ಕಾರಿನೊಳಗೆ ಕಿಟಕಿಯೇರಿಸಿ ಕುಳಿತಾಗ ಮಕ್ಕಳ ಕಿವಿಗೂ ಸ್ಪೀಕರಿಗೂ ಬಹಳ ದೂರವಿರುವುದಿಲ್ಲ. ಹಿಂದಿನಿಂದ ಬರುವ ಆಂಬುಲೆನ್ಸಿನ ಸದ್ದು ಚಾಲಕನಿಗೆ ಕೇಳಿಸಬೇಕು. ೨೦೦೦ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಮೇರೆಗೆ ವಸತಿ ಪ್ರದೇಶಗಳಲ್ಲಿ ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಶಬ್ದದ ಮಿತಿಯು ೪೫ ಡೆಸಿಬೆಲ್. ಹೋಟೆಲಿನಲ್ಲಿ ಬೆಳಗಿನ ಪಾಳಿಗೆ ಏಳಬೇಕಾದವನ ನಿದ್ರೆಯ ಬೆಲೆಯನ್ನು ನಮ್ಮವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಹೊಸ ಸ್ಪೀಕರು ಬಂದ ಮೇಲೆ ನಾವು ಊರಿಗೆ ಹೊರಟಾಗ, ಚಿಪಳೂಣ ದಾಟಿದ ಮೇಲೆ ಮತ್ತೆ ಆ ಶೋಭಾನೆಯನ್ನು ಹಚ್ಚಿದೆವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಹಿಂದಿನ ಆಸನದಿಂದ ಕಿರಿಯ ಮಗಳು, "ಅಪ್ಪಾ, ಹಸೆ ಎಂದರೇನು?" ಎಂದು ಕೇಳಿದಳು. ಆ ಶಬ್ದವನ್ನು ಅವಳಿಗೆ ನಾವು ಕಲಿಸಿರಲಿಲ್ಲ; ಅಜ್ಜಿಯ ಬಾಯಿಂದ ಅವಳೇ ಕೇಳಿ ಹಿಡಿದಿದ್ದಳು. ಮದುಮಗಳನ್ನು ಹಸೆಮಣೆಗೆ ಕರೆಯುವ ಪದ್ಧತಿಯನ್ನು ವಿವರಿಸುತ್ತ ವಿವರಿಸುತ್ತ ರತ್ನಾಗಿರಿಯ ಕವಲುದಾರಿಯವರೆಗೆ ಬಂದೆವು. ಕೊಟ್ಟ ೭,೫೦೦ ರೂಪಾಯಿಯ ಲೆಕ್ಕವು ನಮ್ಮ ಮಟ್ಟಿಗೆ ಅಲ್ಲಿಯೇ ಚುಕ್ತಾ ಆಯಿತು.