ಕೊಂಡಪಲ್ಲಿ ಬೊಂಬೆಯಲ್ಲಿ ಮೊದಲ ಪಾಠ

ಕನ್ನಡ ಮಾಧ್ಯಮದಲ್ಲಿ ಓದಿ ಬಿಎಸ್ಸಿ ಸೇರಿದ ಎಷ್ಟೋ ಮಕ್ಕಳು ಬಯೋಕೆಮಿಸ್ಟ್ರಿಯ ಕಾರ್ಬೋಹೈಡ್ರೇಟ್ ಪಾಠದಲ್ಲೇ ಕಂಗಾಲಾಗುತ್ತಾರೆ. ಹೆಸರುಗಳನ್ನು ಉರು ಹೊಡೆಯುವ ಮುನ್ನ, ವಿಜಯವಾಡದ ಹತ್ತಿರದ ಕೊಂಡಪಲ್ಲಿಯ ಬೊಂಬೆಯೊಂದನ್ನು ಕೈಗೆತ್ತಿಕೊಳ್ಳಿ.

ಅದು ಹಗುರವಾದ ಪೊಣಿಕಿ ಮರದ್ದು. ಮರದಲ್ಲಿ ಮುಖ್ಯವಾಗಿರುವುದು ಸೆಲ್ಯುಲೋಸ್, ಅಂದರೆ ಗ್ಲೂಕೋಸ್ ಅಣುಗಳ ಉದ್ದನೆಯ ಸರ. ನಮ್ಮ ಅನ್ನದಲ್ಲಿರುವ ಪಿಷ್ಟವೂ ಗ್ಲೂಕೋಸ್ ಸರವೇ! ಹಾಗಿದ್ದರೆ ಅನ್ನ ಅರಗುತ್ತದೆ, ಮರವೇಕೆ ಅರಗುವುದಿಲ್ಲ? ವ್ಯತ್ಯಾಸವಿರುವುದು ಕೊಂಡಿಯಲ್ಲಿ. ಪಿಷ್ಟದ್ದು ಆಲ್ಫಾ ಕೊಂಡಿ. ಲಾಲಾರಸದ ಅಮೈಲೇಸ್ ಕಿಣ್ವ ಅದನ್ನು ಕತ್ತರಿಸುತ್ತದೆ. ಸೆಲ್ಯುಲೋಸಿನದು ಬೀಟಾ ಕೊಂಡಿ. ಅದನ್ನು ಕತ್ತರಿಸುವ ಕಿಣ್ವವನ್ನು ನಮ್ಮ ದೇಹ ತಯಾರಿಸುವುದಿಲ್ಲ.

ಬೊಂಬೆಯ ಕೈಕಾಲು ಜೋಡಿಸುವುದು ಹುಣಸೆ ಬೀಜದ ಪುಡಿ, ಮರದ ಹೊಟ್ಟು ಕಲಸಿದ ಅಂಟಿನಿಂದ. ಅಲ್ಲಿನವರು ಅದನ್ನು ‘ಮಕ್ಕು’ ಎನ್ನುತ್ತಾರೆ. ಹುಣಸೆ ಬೀಜದ ಕ್ಸೈಲೋಗ್ಲೂಕನ್‌ನ ಬೆನ್ನೆಲುಬು ಕೂಡ ಬೀಟಾ ಕೊಂಡಿಯ ಗ್ಲೂಕೋಸ್ ಸರ. ಸೆಲ್ಯುಲೋಸಿನ ಹತ್ತಿರದ ನೆಂಟ, ಹಾಗಾಗಿ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಸರ ಯಾವುದರದು? ಕೊಂಡಿ ಯಾವುದು? ಕತ್ತರಿಸುವ ಕಿಣ್ವ ಯಾವುದು? ಪ್ರತಿ ಹೊಸ ಹೆಸರು ಬಂದಾಗಲೂ ಈ ಮೂರನ್ನು ಕನ್ನಡದಲ್ಲೇ ಕೇಳಿಕೊಳ್ಳಿ. ಪಾಠದ ಅರ್ಧ ಭಯ ಅಲ್ಲೇ ಕಳೆಯುತ್ತದೆ.