ಬಿಯರ್ ಮಳವಳ್ಳಿಯಲ್ಲೇ ಉಳಿಯಿತು, ನಾವು ಚಿಕ್ಕಲ್ಲೂರಿಗೆ ಹೋದೆವು

ಹಾಸ್ಟೆಲ್‌ನಲ್ಲಿ ನಮ್ಮ ಮೂವರಿಗೂ ಹೆಸರಿರಲಿಲ್ಲ. ಹಾಜರಿ ಪುಸ್ತಕದಲ್ಲಿತ್ತು, ಅಷ್ಟೇ. ಉಳಿದಂತೆ ಊರೇ ಹೆಸರು. ನಾನು ಮಂಡ್ಯ, ಇನ್ನೊಬ್ಬ ಮದ್ದೂರು, ಮತ್ತೊಬ್ಬ ಮಳವಳ್ಳಿ. ಡಿಗ್ರಿ ಮುಗಿದು ವರ್ಷಗಳಾದರೂ ಮೊಬೈಲ್‌ನಲ್ಲಿ ಇವತ್ತಿಗೂ ಹಾಗೇ ಸೇವ್ ಆಗಿದ್ದೇವೆ. ಮದ್ದೂರು ಬೆಂಗಳೂರಿನ ಒಂದು ಕಂಪನಿಯಲ್ಲಿ ಕಸ್ಟಮರ್ ಸಪೋರ್ಟ್, ರಾತ್ರಿ ಪಾಳಿ. ನಾನು ಬಿ.ಇಡಿ ಮುಗಿಸಿ ಮಂಡ್ಯದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಮಳವಳ್ಳಿ ಪರೀಕ್ಷೆ ಬರೆಯುತ್ತಾನೆ. ಏನು ಕೆಲಸ ಅಂತ ಯಾರಾದರೂ ಕೇಳಿದರೆ ಅವನೇ ಹಾಗೆ ಹೇಳುತ್ತಾನೆ, ‘ಪರೀಕ್ಷೆ ಬರೆಯೋದು’.

2024ರ ಜನವರಿ 26 ಶುಕ್ರವಾರ ಬಂದಿತ್ತು. ಮೂರು ದಿನದ ರಜೆ. ಮದ್ದೂರು ನಮ್ಮ ಗ್ರೂಪಿಗೆ ಒಂದು ಪೋಸ್ಟರ್ ಹಾಕಿದ. ಬೆಟ್ಟದ ಮೇಲೆ ಟೆಂಟು, ಎರಡು ರಾತ್ರಿ, ನಾಲ್ಕೈದು ಬ್ಯಾಂಡು, ಬಗೆಬಗೆಯ ಬಿಯರ್. ಟಿಕೆಟ್ ದರ ನೋಡಿದರೆ ನನ್ನ ಒಂದು ತಿಂಗಳ ಟ್ಯೂಷನ್ ದುಡ್ಡು. ‘ಲೈಫಲ್ಲಿ ಒಂದ್ಸಲ ಕಣ್ರೋ’ ಅಂತ ಕೆಳಗೆ ಬರೆದಿದ್ದ. ಎರಡು ದಿನ ಯಾರೂ ಉತ್ತರ ಕೊಡಲಿಲ್ಲ. ಆಗ ಮಳವಳ್ಳಿ ಪಿಎಸ್‌ಐ ಮರುಪರೀಕ್ಷೆಯಲ್ಲಿದ್ದ. 545 ಹುದ್ದೆ, ಮೊದಲ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ಆಗಿ, ಮರುವರ್ಷ ರದ್ದಾಗಿ, ಮತ್ತೆ ಬರೆಯುವ ದಿನ ಬಂದದ್ದು ಜನವರಿ 23ಕ್ಕೆ. ಅವತ್ತು ರಾತ್ರಿ ಅವನ ಮೆಸೇಜು ಬಂತು: ‘ದುಡ್ಡಿಲ್ಲ. ನಮ್ ಕಡೆ ಚಿಕ್ಕಲ್ಲೂರು ಜಾತ್ರೆ ಐತೆ. ಬೆಟ್ಟ ಐತೆ, ಮ್ಯೂಸಿಕ್ ಐತೆ. ಬನ್ನಿ.’

ಅಷ್ಟು ವರ್ಷದ ಗೆಳೆತನದಲ್ಲಿ ಅವನು ನಮ್ಮನ್ನು ಮನೆ ಕಡೆಗೆ ಕರೆದದ್ದು ಅದೇ ಮೊದಲು. ಹಾಗಾಗಿ ಮದ್ದೂರು ಕೂಡ ಚೌಕಾಸಿ ಮಾಡಲಿಲ್ಲ.

ನಮ್ಮ ಜಿಲ್ಲೆಯವರಿಗೆ ಚಿಕ್ಕಲ್ಲೂರಿನ ಹೆಸರು ಹೊಸದಲ್ಲ. ಊರು ಚಾಮರಾಜನಗರ ಜಿಲ್ಲೆಯದು, ಕೊಳ್ಳೇಗಾಲ ದಾಟಿ ಬೆಟ್ಟ, ಕಾಡುಗಳ ಅಂಚಿನಲ್ಲಿದೆ. ಅಲ್ಲಿರುವುದು ಸಿದ್ಧಪ್ಪಾಜಿಯ ಗದ್ದುಗೆ. ಆದರೆ ಜಾತ್ರೆ ಶುರುವಾಗುವುದು ಮಳವಳ್ಳಿ ತಾಲ್ಲೂಕಿನಿಂದ ಅನ್ನಬೇಕು. ಸಿದ್ಧಪ್ಪಾಜಿಯ ಗುರು ಮಂಟೇಸ್ವಾಮಿಯ ಗದ್ದುಗೆ ಇರುವುದು ಮಳವಳ್ಳಿಯ ಬೊಪ್ಪೇಗೌಡನಪುರದಲ್ಲಿ, ನಾವೆಲ್ಲ ಬಸ್ಸಿನ ಬೋರ್ಡಿನಲ್ಲಿ ಓದುವ ಬಿ.ಜಿ.ಪುರ. ಬಣದ ಹುಣ್ಣಿಮೆಗೆ ಅಲ್ಲಿಂದ ಕಂಡಾಯ, ಬಸವ ಹೊರಟು ಚಿಕ್ಕಲ್ಲೂರು ಸೇರಬೇಕು. ಆ ರಾತ್ರಿ ಚಂದ್ರಮಂಡಲ. ಬಿದಿರು ಕಟ್ಟಿ ಬಟ್ಟೆ ಸುತ್ತಿ ಬೆಂಕಿ ಹಚ್ಚುತ್ತಾರೆ. ಉರಿ ಯಾವ ದಿಕ್ಕಿಗೆ ಜೋರಾಗಿ ವಾಲುತ್ತದೋ ಆ ದಿಕ್ಕಿನ ಸೀಮೆಗೆ ಈ ವರ್ಷ ಒಳ್ಳೆ ಮಳೆ ಬೆಳೆ ಎಂಬ ನಂಬಿಕೆ. ಎರಡನೇ ದಿನ ದೊಡ್ಡವರ ಸೇವೆ, ಮೂರನೇ ದಿನ ಮುಡಿ ಸೇವೆ, ನಾಲ್ಕನೇ ದಿನ ಪಂಕ್ತಿ ಸೇವೆ, ಐದನೇ ದಿನ ಮುತ್ತತ್ತಿರಾಯನ ಸೇವೆ. ಆ ವರ್ಷ ಹುಣ್ಣಿಮೆ ಗುರುವಾರ. ಮದ್ದೂರಿಗೆ ಗುರುವಾರ ಪಾಳಿ ಇದ್ದುದರಿಂದ ಚಂದ್ರಮಂಡಲ ನಮಗೆ ತಪ್ಪಿತು. ಅದನ್ನು ಮಳವಳ್ಳಿ ಫೋನಿನಲ್ಲಿ ತೋರಿಸಿದ, ಆ ವಿಡಿಯೊದಲ್ಲಿ ಕಂಡದ್ದು ಬರೀ ಜನರ ತಲೆ.

ಶುಕ್ರವಾರ ಮಧ್ಯಾಹ್ನ ಮದ್ದೂರು ಕನಕಪುರ, ಹಲಗೂರು ಮಾರ್ಗವಾಗಿ ಬಂದು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದ. ಒಂದು ಕೈಯಲ್ಲಿ ವಡೆ ಪ್ಯಾಕೆಟ್ಟು. ಮದ್ದೂರಿನವನು ತಂದ ಮದ್ದೂರು ವಡೆ, ಆದರೆ ಕೊಂಡದ್ದು ಬೆಂಗಳೂರಿನ ಬೇಕರಿಯಲ್ಲಿ. ಬೆನ್ನಿನ ಬ್ಯಾಗು ನಡೆದಾಗಲೆಲ್ಲ ಟಿಣ್ ಟಿಣ್ ಅನ್ನುತ್ತಿತ್ತು.

‘ಎಷ್ಟ್ಲಾ?’ ಅಂದ ಮಳವಳ್ಳಿ.

‘ಆರು. ಫೆಸ್ಟ್ ಅಂದ್ಮೇಲೆ ಫೆಸ್ಟೇ.’

‘ಅದು ಮನೇಲಿರ್ಲಿ. ತಾತನ ಮುಂದೆ ಬ್ಯಾಡ.’

ಅವನ ಮನೆಗೆ ಹೋದೆವು. ಅವರಮ್ಮ ಬಾಟಲಿಗಳನ್ನು ನೋಡಿ ಏನೂ ಅನ್ನದೆ ರಾಗಿ ಚೀಲದ ಹಿಂದೆ ಇಟ್ಟರು. ಗೋಡೆಯ ಮೇಲೆ ಒಂದು ಗೂಟ, ಅದರಲ್ಲಿ ಏನೂ ಇರಲಿಲ್ಲ. ಗೂಟದ ಕೆಳಗೆ ಸುಣ್ಣದ ಮೇಲೆ ಸೋರೆ ಬುರುಡೆಯ ಆಕಾರದ ಕಪ್ಪು ಗುರುತು. ‘ತಂಬೂರಿ ತಾತನ ಜೊತೆ ಹೋಗದೆ’ ಅಂದರು. ಅವನ ತಾತ ನೀಲಗಾರ ಎಂಬುದು ನಮಗೆ ಗೊತ್ತಾದದ್ದು ಆಗ.

ನೀಲಗಾರರೆಂದರೆ ಮಂಟೇಸ್ವಾಮಿ ಪರಂಪರೆಯ ಹಾಡುಗಾರರು. ದೀಕ್ಷೆ ಪಡೆದವರು. ಮೇಳದ ಮುಂದಾಳು ತಂಬೂರಿ ಹಿಡಿದು ಹಾಡುತ್ತಾನೆ, ಗಗ್ಗರ, ಡಕ್ಕಿ, ತಾಳ ಹಿಡಿದವರು ಹಿಮ್ಮೇಳ. ಬರವಣಿಗೆ ಇಲ್ಲ, ಪುಸ್ತಕ ಇಲ್ಲ. ರಾತ್ರಿಯಿಡೀ ಹಾಡಿದರೂ ಮುಗಿಯದ ಕಾವ್ಯವೊಂದು ತಲೆಯಿಂದ ತಲೆಗೆ ಬಂದಿದೆ. ಅದರ ಭಾಗಗಳನ್ನು ‘ಸಾಲು’ ಅನ್ನುತ್ತಾರೆ. ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದ್ದು ತೀರಾ ಈಚೆಗೆ. ಎಚ್.ಎಸ್.ಶಿವಪ್ರಕಾಶ್ ಇದೇ ಕತೆ ಹಿಡಿದು ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ಬರೆದಿದ್ದಾರೆ. ಬಿ.ಎ.ಯಲ್ಲಿ ನಾನು ಜಾನಪದ ಪತ್ರಿಕೆಯಲ್ಲಿ ನೀಲಗಾರರ ಬಗ್ಗೆ ಐದು ಅಂಕದ ಟಿಪ್ಪಣಿ ಬರೆದಿದ್ದೆ. ಆಗ ಪಕ್ಕದ ಬೆಂಚಿನಲ್ಲೇ ಕೂತಿದ್ದ ಮಳವಳ್ಳಿ ಒಂದು ಮಾತು ಆಡಿರಲಿಲ್ಲ.

ಸತ್ತೇಗಾಲದ ಬಳಿ ಕಾವೇರಿ ದಾಟಿ ಕೊಳ್ಳೇಗಾಲ, ಅಲ್ಲಿಂದ ಜಾತ್ರೆ ಬಸ್ಸು. ಕಾಲಿಡಲು ಜಾಗವಿಲ್ಲ. ದಾರಿಯಲ್ಲಿ ತಡೆದು ಬ್ಯಾಗು ತಪಾಸಣೆ ಮಾಡಿದರು. ಮದ್ದೂರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅವನ ಬ್ಯಾಗಿನಲ್ಲಿ ಆಗ ಉಳಿದಿದ್ದದ್ದು ವಡೆ, ಚಾರ್ಜರ್ ಮತ್ತು ಒಂದು ಬೆಡ್‌ಶೀಟು.

ಜಾತ್ರೆ ಅಂದರೆ ತೇರು, ಬೆಂಡು ಬತ್ತಾಸು ಅಂದುಕೊಂಡು ಹೋದರೆ ಇದು ಬೇರೆ. ಜನ ಬಂದು ಹೋಗುವುದಿಲ್ಲ, ಬಂದು ಇರುತ್ತಾರೆ. ಹೊಲದ ತುಂಬ ಟಾರ್ಪಾಲಿನ ಬಿಡಾರ, ಟ್ರ್ಯಾಕ್ಟರ್ ಟ್ರೇಲರ್‌ನಡಿ ಹಾಸಿಗೆ, ಮೂರು ಕಲ್ಲಿನ ಒಲೆ, ಸೌದೆ ಹೊಗೆ, ಧೂಳು. ಟೆಂಟ್, ಕ್ಯಾಂಪ್‌ಫೈರ್, ಲೈವ್ ಮ್ಯೂಸಿಕ್ ಎಂದು ಪೋಸ್ಟರ್‌ನಲ್ಲಿ ಬರೆದದ್ದೆಲ್ಲ ಇಲ್ಲಿತ್ತು. ಟಿಕೆಟ್ ಇರಲಿಲ್ಲ, ಶೌಚಾಲಯವೂ ಸಾಲದು. ಹೆಂಗಸರು ಕತ್ತಲಾಗುವುದನ್ನು ಕಾಯುವುದನ್ನು ನೋಡಿದರೆ ಇಷ್ಟು ದೊಡ್ಡ ಜಾತ್ರೆಗೆ ಅದೊಂದು ಸರಿಯಾಗಬಾರದೇ ಅನ್ನಿಸುತ್ತದೆ.

ಹಬ್ಬಗಳು ಎಲ್ಲಿಂದ ಎಲ್ಲಿಗೋ ಹೋಗುತ್ತವೆ. ಜಗತ್ತಿನ ದೊಡ್ಡ ಬಿಯರ್ ಹಬ್ಬ ಅಂತ ಹೆಸರಾದ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಶುರುವಾದದ್ದು 1810ರಲ್ಲಿ ಒಬ್ಬ ಯುವರಾಜನ ಮದುವೆಗೆ, ಊರ ಹೊರಗೆ ಏರ್ಪಡಿಸಿದ ಕುದುರೆ ಪಂದ್ಯದಿಂದ. ಇಲ್ಲಿಯ ಹಬ್ಬದ ಬೇರು ಅರಮನೆಯದಲ್ಲ. ಗುರುವೇ ಭಿಕ್ಷುಕನ ವೇಷದವನು.

ತಾತನ ಬಿಡಾರ ಹುಡುಕಲು ಒಂದು ಗಂಟೆ ಹಿಡಿಯಿತು. ಸಣಕಲು ದೇಹ, ಹಣೆಗೆ ಕಪ್ಪು ಧೂಳ್ತ, ಕೊರಳಲ್ಲಿ ರುದ್ರಾಕ್ಷಿ. ‘ಉಂಡ್ರಾ?’ ಅಂತ ಕೇಳಿದರು, ಇನ್ನೇನೂ ಕೇಳಲಿಲ್ಲ. ಹತ್ತು ಗಂಟೆ ಹೊತ್ತಿಗೆ ಮೇಳ ಕೂತಿತು. ಎದುರಿಗೆ ಮೂವತ್ತು ನಲವತ್ತು ಜನ, ಅರ್ಧ ಮಂದಿ ಕಂಬಳಿಯೊಳಗೆ. ಆಚೆ ಎಲ್ಲೋ ಸ್ಪೀಕರ್‌ನಲ್ಲಿ ಸಿನಿಮಾ ಹಾಡು. ಮೊದಲ ಅರ್ಧ ಗಂಟೆ ನನಗೆ ಏನೂ ಹತ್ತಲಿಲ್ಲ. ಒಂದೇ ಶ್ರುತಿ, ಒಂದೇ ತಾಳ. ಮದ್ದೂರು ಫೋನ್ ತೆಗೆದ, ನೆಟ್‌ವರ್ಕ್ ಇರಲಿಲ್ಲ, ಒಳಗಿಟ್ಟ.

ಆಮೇಲೆ ಕಲ್ಯಾಣದ ಸಾಲು ಬಂತು. ಬಸವಣ್ಣನ ಕಲ್ಯಾಣದಲ್ಲಿ ನಿಜವಾದ ಶರಣರು ಎಷ್ಟು ಜನ ಅಂತ ಪರೀಕ್ಷಿಸಲು ಮಂಟೇಸ್ವಾಮಿ ಬರುತ್ತಾನೆ. ಮೈಯೆಲ್ಲ ಹುಣ್ಣು, ನಾತ, ಜೊತೆಗೆ ಹೆಂಡ, ಬಾಡು. ಬಾಗಿಲಲ್ಲಿ ತಡೆಯುತ್ತಾರೆ. ತಾತ ಹಾಡು ನಿಲ್ಲಿಸಿ ಮಾತಿಗಿಳಿದು ಆ ಕಾವಲಿನವರ ಗತ್ತು, ಮೂಗು ಮುಚ್ಚಿಕೊಳ್ಳುವ ಶರಣರ ಪಾಡು ಎಲ್ಲವನ್ನೂ ಆಡಿ ತೋರಿಸಿದರು. ಜನ ಬಿದ್ದು ಬಿದ್ದು ನಕ್ಕರು. ಹೆಂಡದ ವಿಷಯ ಬಂದಾಗ ಮದ್ದೂರು ಮೊಣಕೈಯಲ್ಲಿ ನನ್ನನ್ನು ತಿವಿದು ಪಿಸುಗುಟ್ಟಿದ: ‘ನಮ್ದನ್ನ ಮಾತ್ರ ರಾಗಿ ಚೀಲದ ಹಿಂದಿಟ್ರು.’

ಒಂದು ಗಂಟೆ ದಾಟಿರಬೇಕು. ಹಿಮ್ಮೇಳದ ಒಬ್ಬರಿಗೆ ಕೆಮ್ಮು ಹತ್ತಿ ನಿಲ್ಲಲೇ ಇಲ್ಲ. ಅವರು ತಾಳ ಕೆಳಗಿಟ್ಟು ಎದ್ದರು. ಯಾರೂ ಯಾರನ್ನೂ ಕರೆಯಲಿಲ್ಲ. ನಮ್ಮ ಪಕ್ಕ ಕೂತಿದ್ದ ಮಳವಳ್ಳಿ ಚಪ್ಪಲಿ ಬಿಟ್ಟು ಹೋಗಿ ಆ ಜಾಗದಲ್ಲಿ ಕೂತ.

ಹಾಸ್ಟೆಲ್ ಡೇ ದಿನ ಸ್ಟೇಜಿಗೆ ಎಳೆದರೂ ಬಾರದವನು. ಇಲ್ಲಿ ತಾತ ಸಾಲು ಬಿಟ್ಟ ಕಡೆ ಎತ್ತಿಕೊಂಡು, ದನಿ ಏರಿಸಿ, ಮತ್ತೆ ಅವರ ಕೈಗೆ ಕೊಡುತ್ತಿದ್ದ. ಒಂದು ಪದ ತಡವರಿಸಲಿಲ್ಲ. ಅದು ಸಿದ್ಧಪ್ಪಾಜಿಯ ಸಾಲು. ಕೆಂಪಾಚಾರಿ ಎಂಬ ಪಾಂಚಾಳರ ಹುಡುಗನನ್ನು ಮಂಟೇಸ್ವಾಮಿ ಶಿಷ್ಯನಾಗಿ ಕೇಳುವುದು, ಹೆತ್ತವರು ಕೊಡಲಾರದೆ ಒದ್ದಾಡುವುದು, ಹುಡುಗ ಸಿದ್ಧಪ್ಪಾಜಿಯಾಗುವುದು. ಆಮೇಲೆ ಅವನನ್ನು ಹಲಗೂರಿಗೆ ಕಳಿಸುತ್ತಾರೆ, ಅಲ್ಲಿಯ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಕೇಳಲು. ಅವರು ಸುಲಭಕ್ಕೆ ಕೊಡುವವರಲ್ಲ. ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ, ವಿಷವನ್ನೂ ಉಣಿಸುತ್ತಾರೆ. ಅವನು ಎಲ್ಲದರಲ್ಲೂ ಗೆದ್ದು ಬರುತ್ತಾನೆ. ಇವತ್ತು ಮಧ್ಯಾಹ್ನ ಬಸ್ಸು ಟೀಗೆ ನಿಂತಿದ್ದ ಹಲಗೂರು! ಮದ್ದೂರು ಬೆಂಗಳೂರಿನಿಂದ ಆ ದಾರಿಯಲ್ಲಿ ಎಷ್ಟೋ ಸಲ ಬಂದಿದ್ದಾನೆ. ಈಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

ಬೆಳಗಿನ ಜಾವ ನಾಲ್ಕಕ್ಕೆ ಟೀ ಬಂತು. ‘ಇದೆಲ್ಲ ಯಾವಾಗ ಕಲ್ತೆ?’ ಅಂತ ಕೇಳಿದೆ.

‘ಕಲೀಲಿಲ್ಲ ಕಣ್ಲಾ. ಚಿಕ್ಕವನಾಗಿದ್ದಾಗ ತಾತನ ತೊಡೆ ಮೇಲೆ ಮಲಗ್ತಿದ್ದೆ, ಅಷ್ಟೇಯ.’ ಸ್ವಲ್ಪ ಹೊತ್ತು ಬಿಟ್ಟು ಅಂದ, ‘ಸಿದ್ಧಪ್ಪಾಜಿ ಪರೀಕ್ಷೆನಾದ್ರೂ ರದ್ದಾಗಲಿಲ್ಲ ನೋಡು.’

ಶನಿವಾರ ಮುಡಿ ಸೇವೆ. ಹೊಸದಾಗಿ ನೀಲಗಾರರಾಗುವವರು ದೀಕ್ಷೆ ತೆಗೆದುಕೊಳ್ಳುವುದು ಆ ದಿನ. ಮನೆಗೊಬ್ಬ ಮಗನನ್ನು ಬಿಡುತ್ತೇವೆಂದು ಹರಕೆ ಹೊತ್ತವರು ಮಕ್ಕಳನ್ನು ಕರೆತಂದಿದ್ದರು. ಹೆಚ್ಚಿನವರು ಚಿಕ್ಕ ಹುಡುಗರು, ತಲೆ ಬೋಳಿಸಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಮಳವಳ್ಳಿಯ ಮೇಲೂ ಅಂಥದೊಂದು ಹರಕೆ ಇದೆ. ಅವನು ಹುಟ್ಟಿದಾಗ ಕಾಯಿಲೆ ಬಿದ್ದಿದ್ದನಂತೆ. ಅವರಪ್ಪ ವರ್ಷ ವರ್ಷ ಮುಂದೂಡಿದರು: ಎಸ್ಸೆಸ್ಸೆಲ್ಸಿ ಆಗಲಿ, ಡಿಗ್ರಿ ಆಗಲಿ, ಕೆಲಸ ಸಿಗಲಿ. ದೀಕ್ಷೆ ಪಡೆದವನು ಮನೆಮನೆಗೆ ಹೋಗಿ ಭಿಕ್ಷೆ ಬೇಡಬೇಕು. ಓದಿದ ಮಗ ಜಾಗಟೆ ಹಿಡಿದು ಭಿಕ್ಷೆಗೆ ನಿಲ್ಲುವುದು ಅವರಪ್ಪನಿಗೆ ಬೇಡ. ‘ನಮ್ಮಪ್ಪ ಕೂಲಿ ಮಾಡಿ ನನ್ನ ಓದಿಸಿದ್ದೇ ಅದು ತಪ್ಪಲಿ ಅಂತ’ ಅಂದ ಮಳವಳ್ಳಿ. ತಾತನಿಗೆ ಬೇರೆ ಚಿಂತೆ. ಎಪ್ಪತ್ತು ದಾಟಿದೆ, ಮೇಳದಲ್ಲಿ ಉಳಿದವರೆಲ್ಲ ಅವರದೇ ವಯಸ್ಸಿನವರು.

ನಾನು ಇಬ್ಬರ ಕಡೆಯೂ ಮಾತಾಡಬಲ್ಲೆ. ಕಲೆ ಉಳಿಯಬೇಕು ಅಂತ ಪರೀಕ್ಷೆಯಲ್ಲಿ ಬರೆದು ಐದಕ್ಕೆ ನಾಲ್ಕು ಅಂಕ ತೆಗೆದುಕೊಳ್ಳುವುದು ಸುಲಭ. ಉಳಿಸುವ ಭಾರ ಯಾರ ಮಗನ ಮೇಲೆ ಬೀಳುತ್ತದೆ, ಯಾರ ಮಗನ ಮೇಲೆ ಬೀಳುವುದಿಲ್ಲ ಎನ್ನುವುದನ್ನು ಮಾತ್ರ ಆ ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಹಾಗಂತ ಆ ರಾತ್ರಿಯ ದನಿ ಕೇಳಿದ ಮೇಲೆ, ಅದೆಲ್ಲ ಬಿಟ್ಟು ಓದಿಕೋ ಅಂತ ಅವನಿಗೆ ಹೇಳುವ ಬಾಯಿ ನನಗಿಲ್ಲ.

ಮದ್ದೂರು ನೇರವಾಗಿ ತಾತನನ್ನೇ ಕೇಳಿಬಿಟ್ಟ, ‘ಅವನು ದೀಕ್ಷೆ ತಗೊಳ್ದೆ ಹಾಡಿದ್ರೆ ಆಗಲ್ವಾ?’ ತಾತ ತಂಬೂರಿಯ ತಂತಿ ಬಿಗಿ ಮಾಡುತ್ತ, ‘ನೆನ್ನೆ ಹಾಡುದ್ನಲ್ಲ, ಯಾರಾದ್ರೂ ತಡುದ್ರಾ?’ ಅಂದರು. ಆಮೇಲೆ ಅವನ ಬ್ಯಾಗಿನ ಕಡೆ ಗಲ್ಲ ತೋರಿಸಿ, ‘ಅದೇನೋ ಮನೇಲಿ ಬಿಟ್ಟು ಬಂದಿದ್ದೀಯಂತೆ?’ ಮದ್ದೂರಿನ ಮುಖ ನೋಡಬೇಕಿತ್ತು. ‘ಧರೆಗೆ ದೊಡ್ಡವರು ಹೆಂಡ ತಂದುದ್ದು ಕುಡಿಯಾಕಲ್ಲ ಮಗ. ಯಾರು ಮೂಗು ಮುಚ್ಚುಕತಾರೆ ಅಂತ ನೋಡಾಕೆ.’

ಭಾನುವಾರದ ಪಂಕ್ತಿ ಸೇವೆಯ ಬಗ್ಗೆ ಪತ್ರಿಕೆಗಳಲ್ಲಿ ಪ್ರತಿ ವರ್ಷ ಸುದ್ದಿ ಇರುತ್ತದೆ. 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಒಂದು ಕಡೆ. ಇದು ಬಲಿಯಲ್ಲ, ಅಡುಗೆ ಮಾಡಿ ಎಡೆ ಇಟ್ಟು ಎಲ್ಲರೂ ಸಾಲಾಗಿ ಕೂತು ಉಣ್ಣುವ ಸೇವೆ ಎನ್ನುವ ಭಕ್ತರು ಇನ್ನೊಂದು ಕಡೆ. ನಾನು ಕಂಡದ್ದನ್ನು ಹೇಳುತ್ತೇನೆ. ಮಳವಳ್ಳಿಯ ಚಿಕ್ಕಪ್ಪ ಊರಿನಿಂದಲೇ ಕೋಳಿ ಸಾರು ಮಾಡಿಸಿ ದೊಡ್ಡ ತಪ್ಪಲೆಯಲ್ಲಿ ತಂದಿದ್ದರು. ಮುದ್ದೆ ಬಿಡಾರದಲ್ಲೇ ಆಯಿತು. ಅಕ್ಕಪಕ್ಕದ ಬಿಡಾರದವರು, ದಾರಿಯಲ್ಲಿ ಹೋಗುತ್ತಿದ್ದವರು, ಬಳೆ ಮಾರುವವರು, ಯಾರೋ ಕುಂಟುತ್ತಿದ್ದ ಅಜ್ಜ, ಎಲ್ಲರೂ ಬಂದು ಕೂತರು. ನೀನ್ಯಾರು, ಯಾವ ಪೈಕಿ ಅಂತ ಕೇಳಿದವರಿಲ್ಲ. ನಮ್ಮೂರ ಕಡೆ ಊಟಕ್ಕೆ ಮುಂಚೆ ಆ ಪ್ರಶ್ನೆ ಬಾರದ ಜಾಗಗಳು ಎಷ್ಟಿವೆ ಅಂತ ಬೆರಳಲ್ಲಿ ಎಣಿಸಬಹುದು.

ಕೈ ತೊಳೆಯುವಾಗ ಮದ್ದೂರಿಗೆ ಅವರಮ್ಮನ ಫೋನು. ಅಷ್ಟರಲ್ಲಿ ಎಲ್ಲೋ ಒಂದು ಗೆರೆ ನೆಟ್‌ವರ್ಕ್ ಸಿಕ್ಕಿತ್ತು. ‘ಊಟ ಆಯ್ತಾ? ಯಾರ ಮನೇದು?’ ಅಂತ ಕೇಳಿದ್ದು ಸ್ಪೀಕರ್‌ನಿಂದ ನಮಗೂ ಕೇಳಿಸಿತು. ಅವನು ಮಳವಳ್ಳಿಯ ಮುಖ ನೋಡಿದ. ‘ಸಾಲಲ್ಲಿ ಕೂತು ಉಂಡೆ ಕಣಮ್ಮ’ ಅಂದ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ‘ಸರಿ, ಬಿಸಿಲಲ್ಲಿ ತಿರುಗಬ್ಯಾಡ’ ಅಂದು ಇಟ್ಟರು.

ಸಂಜೆ ಮಳವಳ್ಳಿಗೆ ವಾಪಸಾದಾಗ ಮದ್ದೂರಿಗೆ ಕೊನೆಯ ಬಸ್ಸಿನ ಆತುರ. ಬಾಟಲಿಗಳ ನೆನಪು ಅವನಿಗೆ ಬಂದದ್ದು ಹಲಗೂರಿನಲ್ಲಿ, ಬಸ್ಸು ಟೀಗೆ ನಿಂತಾಗ. ಅಲ್ಲಿಂದಲೇ ಒಂದು ಫೋಟೊ ಕಳಿಸಿದ, ಒಂದು ಗುಜರಿ ಅಂಗಡಿ, ಮುಂದೆ ತುಕ್ಕು ಹಿಡಿದ ಕಬ್ಬಿಣದ ರಾಶಿ. ಕೆಳಗೆ ಬರೆದಿದ್ದ: ‘ಭಿಕ್ಷೆ ಕೇಳ್ಲಾ?’

ಆ ರಾತ್ರಿಯ ಎರಡು ಗಂಟೆ ನಲವತ್ತು ನಿಮಿಷದ ರೆಕಾರ್ಡಿಂಗ್ ನನ್ನ ಫೋನಿನಲ್ಲಿದೆ. ಮದ್ದೂರು ಅದನ್ನು ರಾತ್ರಿ ಪಾಳಿಯಲ್ಲಿ ಒಂದು ಕಿವಿಗೆ ಹಾಕಿಕೊಂಡು ಕೇಳುತ್ತಾನಂತೆ. ಮಳವಳ್ಳಿ ಮುಂದಿನ ಪರೀಕ್ಷೆಗೆ ಓದುತ್ತಿದ್ದಾನೆ. ಭಾನುವಾರ ಭಾನುವಾರ ಸಂಜೆ ತಾತನ ಎದುರು ತಾಳ ಹಿಡಿದು ಕೂರುತ್ತಾನೆ, ಅವರಪ್ಪ ಆ ಹೊತ್ತಿಗೆ ಹೊಲದ ಕಡೆ ಎದ್ದು ಹೋಗುತ್ತಾರಂತೆ. ಅದರ ಮುಂದಿನ ಬಣದ ಹುಣ್ಣಿಮೆ 2025ರ ಜನವರಿ 13, ಸೋಮವಾರ ಬಂದಿತ್ತು. ಮದ್ದೂರು ಮೊದಲೇ ಮ್ಯಾನೇಜರ್‌ಗೆ ರಜೆ ಕೇಳಿದ್ದ. ಆ ಸಲ ಚಂದ್ರಮಂಡಲ ತಪ್ಪಿಸುವ ಹಾಗಿರಲಿಲ್ಲ.